ತಟಸ್ಥ

ನಾನು ಬರೆಯುವವಳು. ನನಗೆ ಮತವಿಲ್ಲ.
ಹನ್ನೊಂದು ವರ್ಷದಿಂದ ಮೇಜಿನ ಇದೇ ಮೂಲೆ,
ನೀಲಿ ರಟ್ಟಿನ ಪುಸ್ತಕದಲ್ಲಿ ಗೀಟು ಎಳೆದು ಮೂರು ಮನೆ:
ಪರ, ವಿರೋಧ, ತಟಸ್ಥ.
ಮೂರನೆಯದನ್ನು ಯಾವಾಗಲೂ ಕಿರಿದಾಗಿಯೇ ಎಳೆಯುತ್ತೇನೆ,
ಅಲ್ಲಿಗೆ ಬರುವವರು ಮೈ ಮುದುಡಿಯೇ ಕೂರುತ್ತಾರೆ.

ನ್ಯೂಫೌಂಡ್‌ಲ್ಯಾಂಡ್. ಮಾರ್ಚ್. ಕೊಲ್ಲಿ ತುಂಬ ಒಡೆದ ಹಿಮಗಡ್ಡೆ.
ಮೀನುಗಾರರ ಸಹಕಾರಿ ಸಂಘದ ಒಂಬತ್ತು ನಿರ್ದೇಶಕರಲ್ಲಿ
ಆ ಸಂಜೆ ಮಂಜು ಸೀಳಿಕೊಂಡು ಬಂದವರು ಐದು.
ಐದಕ್ಕೆ ಕೋರಂ.
ನಾಲ್ಕಾದರೆ ಚಹಾ ಕುಡಿದು ಮನೆಗೆ.

ವಿಷಯ ಒಂದೇ: ಐಸ್ ಮನೆ ಮಾರುವುದೋ ಬೇಡವೋ.
ಕೊಳ್ಳುವವನು ಸೇಂಟ್ ಜಾನ್ಸ್‌ನಿಂದ ಕಾಗದ ಕಳಿಸಿದ್ದ,
ಬೇಸಿಗೆಗೆ ಬರುವವರಿಗೆ ಅಲ್ಲಿ ಮಲಗುವ ಕೋಣೆ ಮಾಡುತ್ತಾನಂತೆ,
ಹಾಸಿಗೆಯಿಂದಲೇ ತಿಮಿಂಗಿಲ ಕಾಣುವಂತೆ.

ಎಫಿ ರೈಡೌಟ್ ಕೈ ಎತ್ತಿದಳು, ಪರ.
ಅಧ್ಯಕ್ಷ ಗಾರ್ಲ್ಯಾಂಡ್ ಎತ್ತಿದ, ಪರ.
ಮುದುಕ ಆಬ್ರಮ್ ಟಿಝರ್ಡ್ ವಿರೋಧಕ್ಕೆ ಎರಡೂ ಕೈ ಎತ್ತಿದ,
ಒಂದನ್ನೇ ಬರೆದುಕೊಂಡೆ.
ಹೇಡನ್ ಬಗ್ಡೆನ್‌ನ ಸೊಸೆ ಕೊಳ್ಳುವವನ ಕಚೇರಿಯಲ್ಲಿ ಲೆಕ್ಕ ನೋಡುತ್ತಾಳೆ,
ಅದನ್ನವನು ಮೊದಲೇ ಎದ್ದು ನಿಂತು ಹೇಳಿದ, ಮರ್ಯಾದಸ್ಥ;
'ಹಿತಾಸಕ್ತಿಯ ಕಾರಣ' ಎಂಬ ಎರಡು ಪದ ಅವನ ಹೆಸರಿಗೆ ದಕ್ಕಿದವು.
ಸೆಲ್ಬಿ ಪಾರ್ಡಿ ಅಂಥದ್ದೇನೂ ಹೇಳಲಿಲ್ಲ.
ಕೈಗವಸು ಬಿಚ್ಚದೆ, ಕಿಟಕಿ ನೋಡುತ್ತ ಅಂದ:
'ನನ್ನನ್ನು ಬಿಟ್ಟು ಎಣಿಸಿ.'

ಅಲ್ಲೇ ಇದೆ ನೋಡಿ ನಿಯಮದ ಸಿಕ್ಕು,
ಅವನನ್ನು ಬಿಟ್ಟು ಎಣಿಸಲಾಗುವುದಿಲ್ಲ.
ಮತದ ಲೆಕ್ಕಕ್ಕೆ ಇಲ್ಲ, ಕೋರಂ ಲೆಕ್ಕಕ್ಕೆ ಇದ್ದಾನೆ.
ಬಾಯಿ ಬೇಡ, ಕುರ್ಚಿಯ ಮೇಲಿನ ಭಾರ ಬೇಕು.
ಪಕ್ಕದ ಕೊಲ್ಲಿಯ ಸಂಘದಲ್ಲಾದರೆ
ಹಾಜರಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಕೈ ಏಳಬೇಕು,
ಅಲ್ಲಿ ಸುಮ್ಮನಿದ್ದವನೂ ಬೇಡ ಅಂದವನೇ.
ನಮ್ಮಲ್ಲಿ ಬಿದ್ದ ಮತಗಳಲ್ಲಿ ಯಾವುದು ಹೆಚ್ಚೋ ಅದು.
ಅದೇ ಮೌನ, ಮೂರು ಮೈಲಿ ದಾಟಿದರೆ ಬೇರೆ ಮಾತು.

ಎರಡಕ್ಕೆ ಒಂದು. ಹೋಯಿತು ಐಸ್ ಮನೆ.
ಸೆಲ್ಬಿ ಕೆಮ್ಮು ಬಂತೆಂದು ಎದ್ದು
ಬಾಗಿಲಾಚೆ ಒಂದು ಹೆಜ್ಜೆ ಇಟ್ಟಿದ್ದರೂ
ಸಭೆಯೇ ಮುರಿಯುತ್ತಿತ್ತು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ, ಅಂತ ಆಬ್ರಮ್ ಗೊಣಗಿದ.
ಹಾಗಿಟ್ಟ ದೀಪದಲ್ಲಿ ಎರಡು ಕೋಣೆಯೂ ಅರ್ಧರ್ಧ ಕಾಣುತ್ತವೆ.
ಇವನು ದೀಪವನ್ನು ಕೋಟಿನೊಳಗೇ ಇಟ್ಟುಕೊಂಡು ಹೋದ.

ನಾಲ್ಕನೆಯ ದಿನ ನನ್ನ ಅಡುಗೆಮನೆಗೆ ಬಂದ.
ಬೂಟು ಕಳಚಲಿಲ್ಲ, ಕೂರಲಿಲ್ಲ.
'ಲೆಟಿಶಾ, ಆ ಪುಸ್ತಕದಲ್ಲಿ ಸ್ವಲ್ಪ ಜಾಗ ಇದೆಯಾ?'
ಯಾಕೆ ಅಂದೆ.
'ವಿಲ್ಫನನ್ನ ನೀರಿಂದ ಎಳೆದಾಗ ಜುಲೈ.
ಅಮ್ಮ ಆಸ್ಪತ್ರೆಯಿಂದ ದೋಣಿಯಲ್ಲಿ ಬರುವ ತನಕ
ಮೂರು ದಿನ ಅಲ್ಲೇ ಮಲಗಿಸಿದ್ದೆವು, ಐಸ್ ಮೇಲೆ, ಕಾಡ್ ಮೀನಿನ ಪಕ್ಕ.
ಮಾರಬೇಡಿ ಅನ್ನಲು ಅದೊಂದು ಕಾರಣವಾ?
ದುಡ್ಡು ಬೇಕು ಸಂಘಕ್ಕೆ, ನನಗೂ ಗೊತ್ತು.
ಮಾರಿ ಅನ್ನಲಿಕ್ಕೂ ಕೈ ಏಳಲಿಲ್ಲ.'

ಎಷ್ಟು ಅನ್ನುವುದಕ್ಕಷ್ಟೇ ಜಾಗ ಸೆಲ್ಬಿ,
ಯಾಕೆ ಅನ್ನುವುದಕ್ಕೆ ಇಲ್ಲ, ಅಂದೆ. ಅಂದಮೇಲೆ ನಾಚಿಕೆಯಾಯಿತು.
ಅವನು ತಲೆಯಾಡಿಸಿ, ಒಲೆಗೆ ಒಂದು ಕೊರಡು ಹಾಕಿ ಹೋದ.

ರಾತ್ರಿ ಪುಟ ತೆರೆದು ನೋಡಿದೆ.
ತಟಸ್ಥ: ಪದದೊಳಗೇ ಒಂದು ತಟವಿದೆ,
ತಟದಲ್ಲಿ ಒಬ್ಬ ನಿಂತಿದ್ದಾನೆ,
ಹಗ್ಗ ಕೈಯಲ್ಲಿದೆ, ಎಸೆದರೆ ಮುಟ್ಟುವಷ್ಟು ಉದ್ದವಿಲ್ಲ.
ಹೀಗೆಲ್ಲ ಅಂದುಕೊಳ್ಳುವುದು ನನ್ನ ಕೆಲಸವಲ್ಲ.
ಪೆನ್ಸಿಲಿನಲ್ಲಿ ಅಂಚಿಗೆ 'ವಿಲ್ಫ್' ಎಂದು ಬರೆದೆ,
ಆಮೇಲೆ ಅಳಿಸಿದೆ. ಗುರುತು ಉಳಿದಿದೆ,
ಪುಟವನ್ನು ಬೆಳಕಿಗೆ ಓರೆ ಹಿಡಿದರೆ.

ಏಪ್ರಿಲ್ ಸಭೆಗೆ ಎಂಟು ಜನ ಬಂದರು.
ಹಿಂದಿನ ನಡಾವಳಿ ಓದಿದೆ. ತಿದ್ದುಪಡಿ ಇದೆಯೇ ಎಂದ ಗಾರ್ಲ್ಯಾಂಡ್.
ಹಡಗುಕಟ್ಟೆಯ ಮೇಲೆ ಯಾರದೋ ನಾಯಿ ಬೊಗಳಿತು.
ಬರೆದದ್ದು ಸರಿಯಿದೆ ಅನ್ನುವವರು?
ಸೆಲ್ಬಿ ಕೈಗವಸು ಬಿಚ್ಚಿ ಮೇಜಿನ ಮೇಲಿಟ್ಟು
ಎಲ್ಲರಿಗಿಂತ ಮೊದಲು ಎತ್ತಿದ,
ಕಿರುಬೆರಳ ತುದಿ ಇಲ್ಲದ ಕೈ.

ಎಂಟು ಪರ.
ಮೂರನೆಯ ಮನೆಗೆ ಅಡ್ಡಗೆರೆ ಎಳೆದು
ಚಹಾಕ್ಕೆ ನೀರಿಟ್ಟೆ.